ಮೊದಲು ನಿಲ್ಲಲಿ, ಆಮೇಲೆ ಉಲ್ಟಾ ತಿರುಗಲಿ

ನೇಸರಗಿಯಲ್ಲಿ ಕರೆಂಟು ಹೋಗುವುದು ಯಾರಿಗೂ ಹೊಸದಲ್ಲ. ಹೋದಾಗ ಫ್ಯಾನು ನಿಲ್ಲುತ್ತದೆ, ಟಿ.ವಿ. ಕಪ್ಪಾಗುತ್ತದೆ, ಜನ ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಮತ್ತೆ ಬಂತೆಂದರೆ ಎಲ್ಲವೂ ತಾನಾಗಿಯೇ ಶುರುವಾಗುತ್ತದೆ, ಜನ ಎದ್ದು ಒಳಗೆ ಹೋಗುತ್ತಾರೆ. ತಲೆಯ ಮೇಲಿನ ಫ್ಯಾನು ತಾನಾಗಿ ತಿರುಗಿದರೆ ಯಾರಿಗೂ ಏನೂ ಆಗುವುದಿಲ್ಲ. ಆದರೆ ಮನೆಯಲ್ಲಿ ಕತ್ತರಿಸುವ, ಕೊರೆಯುವ, ಗರಗರ ಸುತ್ತುವ ಯಂತ್ರವೊಂದು ಇದ್ದರೆ ಏನು ಗತಿ? ರಾಜಮಾಳ ಮನೆಯಲ್ಲಿ ಅಂಥ ಒಂದು ಯಂತ್ರ ಇತ್ತು.

ರಾಜಮಾಳ ಗಂಡ ಮೌಲಾಸಾಬ ವಯಸ್ಸೆಲ್ಲ ಬಸ್ಸು ಓಡಿಸಿದವನು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ದಾರಿಯ ಒಂದೊಂದು ತಿರುವೂ ಅವನಿಗೆ ಕಣ್ಣುಮುಚ್ಚಿದರೆ ಕಾಣುತ್ತಿತ್ತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವುದು ಅವನಿಂದ ಆಗಲಿಲ್ಲ. ಒಂದು ದಿನ ಬೈಲಹೊಂಗಲದ ಗುಜರಿ ಅಂಗಡಿಯಿಂದ ಹಳೆಯದೊಂದು ಸಣ್ಣ ಲೇಥ್ ಯಂತ್ರವನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಬಂದ. ಲೇಥ್ ಎಂದರೆ ಕಟ್ಟಿಗೆಯ ತುಂಡನ್ನು ಗಟ್ಟಿಯಾಗಿ ಹಿಡಿದು ತಿರುಗಿಸುವ ಯಂತ್ರ. ತಿರುಗುವ ಕಟ್ಟಿಗೆಗೆ ಉಳಿ ತಾಗಿಸಿದರೆ ಅದು ದುಂಡಗೆ, ನುಣ್ಣಗೆ ಆಗುತ್ತ ಹೋಗುತ್ತದೆ. ಲಟ್ಟಣಿಗೆ, ಬುಗುರಿ, ಕುಂಕುಮದ ಕರಡಿಗೆ ಎಲ್ಲ ಹೀಗೇ ಹುಟ್ಟುತ್ತವೆ.

ಆ ಲೇಥಿಗೆ ಮೋಟಾರು ಇರಲಿಲ್ಲ. ಮನೆಯಲ್ಲಿ ಹಿಟ್ಟು ಬೀಸುವ ಸಣ್ಣ ಗಿರಣಿಯದೊಂದು ಹಳೇ ಮೋಟಾರನ್ನು ಮೌಲಾಸಾಬ ಹುಡುಕಿ ತಂದ. ಪಟ್ಟಾ ಹಾಕಿ ಲೇಥಿಗೆ ಜೋಡಿಸಿದ. ಗೋಡೆಯ ಮೇಲೆ ದೀಪಕ್ಕೆ ಹಾಕುವಂಥ ಒಂದು ಸ್ವಿಚ್ಚು ಕೂರಿಸಿದ. ಅದನ್ನು ಒತ್ತಿದರೆ ಯಂತ್ರ ತಿರುಗುತ್ತಿತ್ತು. ಅವನ ಆಸೆ ಅಷ್ಟಕ್ಕೇ ತೀರಿತು. ಜೋಡಿಸುವ ಹುಮ್ಮಸ್ಸು ಅವನಿಗಿತ್ತು, ಕೂತು ಕೆಲಸ ಮಾಡುವ ತಾಳ್ಮೆ ಇರಲಿಲ್ಲ.

ಆ ತಾಳ್ಮೆ ರಾಜಮಾಳಿಗಿತ್ತು. ಒಂದು ದಿನ ಯಂತ್ರದ ಮೇಲಿನ ದೂಳು ಒರೆಸಲು ಹೋದವಳು ಉಳಿ ಕೈಗೆತ್ತಿಕೊಂಡಳು. ಮೊದಲ ಲಟ್ಟಣಿಗೆ ಸೊಟ್ಟಗಾಯಿತು. ಎರಡನೆಯದು ಪರವಾಗಿಲ್ಲ ಅನ್ನಿಸಿತು. ಆಮೇಲೆ ಮಾಡಿದ್ದನ್ನು ಓಣಿಯ ಹೆಂಗಸರು ಕೇಳಿ ಒಯ್ದರು. ಉಳಿ ತಾಗಿದ ಕಡೆಯಿಂದ ಸಿಪ್ಪೆ ಸುರುಳಿ ಸುರುಳಿಯಾಗಿ ಏಳುವುದನ್ನು ನೋಡುತ್ತ ನಿಂತರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮಕ್ಕಳನ್ನು ಬೆಳೆಸಿ, ಮದುವೆ ಮಾಡಿ ಕಳಿಸಿದ ಮೇಲೆ, ಇದು ನನ್ನದು ಅನ್ನಿಸಿದ ಮೊದಲ ಕೆಲಸ ಅದು.

ಪಕ್ಕದ ಮನೆ ತ್ರ್ಯಂಬಕರಾಯರದು. ಅವರ ಹಿರಿಯರು ಪೌರೋಹಿತ್ಯ ಮಾಡುತ್ತಿದ್ದರು, ರಾಯರು ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದರು. ಅವರ ಹೆಂಡತಿ ಸುಂದರಾಬಾಯಿಯವರನ್ನು ರಾಜಮಾ ಮೊದಲಿನಿಂದಲೂ 'ವೈನಿ', ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದಳು. ಒಂದು ಮುಂಜಾನೆ ಸುಂದರಾಬಾಯಿ ಗೋಡೆಯ ಆಚೆಯಿಂದ ಕೂಗಿದರು.

“ರಾಜಮಾ, ನಮ್ಮ ಮಗಳು ಶ್ರದ್ಧಾ ಬಾಣಂತನಕ್ಕ ಬರಾಕತ್ತಾಳ. ಮನಿಯೊಳಗ ಹಳೇ ತೊಟ್ಟಿಲಾ ಅದ. ಕಾಲಿನ ಮ್ಯಾಲ ಇರೋ ಕಟ್ಟಿಗಿ ಗುಂಡ ಎಲ್ಲಾ ಒಡದು ಹೋಗ್ಯಾವ. ಹೊಸಾವ ಮಾಡಿ ಕೊಡ್ತೀಯೇನ?”

“ಕೊಡತೇನ್ರಿ ವೈನಿ,” ಎಂದಳು ರಾಜಮಾ. ಅವಳ ಮುಖ ಅರಳಿತ್ತು. “ಕೂಸು ಕೈ ಹಚ್ಚಿದ್ರೂ ಒಂದು ಎಳಿ ಚುಚ್ಚಬಾರದು, ಹಂಗ ಮಾಡತೇನಿ.”

ಹಾಗೆ ನುಣುಪು ಬರಬೇಕಾದರೆ ಕಟ್ಟಿಗೆಯನ್ನು ಎರಡೂ ದಿಕ್ಕಿಗೆ ತಿರುಗಿಸಬೇಕು. ಒಂದೇ ದಿಕ್ಕಿಗೆ ತಿರುಗಿಸಿ ಪಾಲಿಶ್ ಕಾಗದ ಹಿಡಿದರೆ ಕಟ್ಟಿಗೆಯ ಸಣ್ಣ ಎಳೆಗಳು ಮಲಗಿಬಿಡುತ್ತವೆ. ಉಲ್ಟಾ ತಿರುಗಿಸಿ ಮತ್ತೊಮ್ಮೆ ಹಿಡಿದರೆ ಅವೆಲ್ಲ ಎದ್ದು ಕಡಿದುಹೋಗುತ್ತವೆ. ಇದನ್ನು ರಾಜಮಾ ಮೊಬೈಲಿನಲ್ಲಿ ನೋಡಿ ತಿಳಿದಿದ್ದಳು. ಉಲ್ಟಾ ತಿರುಗಿಸಲು ಮೌಲಾಸಾಬ ಒಂದು ಉಪಾಯ ಕಂಡುಕೊಂಡಿದ್ದ. ಮೋಟಾರಿನ ಮುಚ್ಚಳ ತೆಗೆದು, ಒಳಗಿನ ಎರಡು ವಾಯರುಗಳನ್ನು ಬಿಚ್ಚಿ, ಅದಲು ಬದಲು ಮಾಡಿ, ತಿರುವಿ, ಟೇಪು ಸುತ್ತುತ್ತಿದ್ದ. ಕೆಲಸವಾದ ಮೇಲೆ ಮತ್ತೆ ಬಿಚ್ಚಿ ಮೊದಲಿನಂತೆ ಮಾಡುತ್ತಿದ್ದ.

ರಾಜಮಾಳಿಗೆ ಅದು ಸರಿ ಕಾಣಲಿಲ್ಲ.

“ಏನ್ರಿ, ಪ್ರತಿ ಸಲ ಹಿಂಗ ವಾಯರ್ ಬಿಚ್ಚಿ ಕಟ್ಟೂದು ಬ್ಯಾಡ ಅನಸತೈತಿ. ಫರೀನಗ ಒಮ್ಮೆ ಕೇಳೂಣ?”

ಫರೀನ್ ರಾಜಮಾಳ ಅಕ್ಕನ ಮಗಳು, ಚಿಕ್ಕಮ್ಮನನ್ನು 'ಖಾಲಾ' ಎಂದು ಕರೆಯುತ್ತಿದ್ದಳು. ಬೈಲಹೊಂಗಲದ ಒಂದು ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ಕಲಿಸುವ ಶಿಕ್ಷಕಿ.

“ಅಕೀಗೇನ್ ಕೇಳತಿ?” ಮೌಲಾಸಾಬ ನಕ್ಕ. “ನಡುದಾರ್‍ಯಾಗ ನಿಂತ ಬಸ್ಸಿನ ಇಂಜಿನ್ ಬಿಚ್ಚಿ ಚಾಲೂ ಮಾಡಿದಾಂವ ನಾನು. ಎರಡು ವಾಯರ್ ಅದಲ ಬದಲ ಮಾಡಾಕ ಸಾಲೀಗೆ ಹೋಗಬೇಕೇನು?”

ರಾಜಮಾ ಗುಂಡಿಗೆ ಕಟ್ಟಿಗೆ ಹುಡುಕಲು ಹೋದಳು. ಆದರೆ ಮನಸ್ಸಿನಲ್ಲಿ ಆ ಮಾತು ಕೊರೆಯುತ್ತಲೇ ಇತ್ತು.

ಒಂದು ಮಧ್ಯಾಹ್ನ ತೊಟ್ಟಿಲಿನ ಮೊದಲ ಗುಂಡು ರೂಪಕ್ಕೆ ಬಂದಿತ್ತು. ಸುಂದರಾಬಾಯಿ ನೋಡಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ರಾಜಮಾ ಉಳಿ ಕೆಳಗಿಟ್ಟಳೋ ಇಲ್ಲವೋ, ಕರೆಂಟು ಹೋಯಿತು. ಯಂತ್ರ ನಿಧಾನವಾಗಿ ತಿರುಗಿ ತಿರುಗಿ ನಿಂತಿತು.

“ಛಲೋ ಆತು ಬಿಡು,” ಎಂದ ಮೌಲಾಸಾಬ. “ಬರೂದ್ರಾಗ ವಾಯರ್ ಉಲ್ಟಾ ಮಾಡಿ ಇಡತೇನಿ. ಬಂದ ಕೂಡ್ಲೆ ನೀ ಪಾಲಿಶ್ ಶುರು ಮಾಡು.”

“ಪ್ಲಗ್ ತಗದು ಮಾಡ್ರಿ,” ಎಂದಳು ರಾಜಮಾ.

“ಕರೆಂಟ ಇಲ್ಲಂದ್ರ ಪ್ಲಗ್ ಯಾಕ ತಗೀಬೇಕು?”

ಪ್ಲಗ್ಗು ಹಾಗೇ ಇತ್ತು. ಗೋಡೆಯ ಸ್ವಿಚ್ಚು ಕೂಡ ಒತ್ತಿದ್ದು ಒತ್ತಿದಂತೆಯೇ ಇತ್ತು. ಮೌಲಾಸಾಬ ಮೋಟಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ವಾಯರು ಅದಲು ಬದಲು ಮಾಡಿ ತಿರುವಿದ. ಟೇಪು ಹರಿಯಲು ಬಾಯಿಗೆ ತಂದಿದ್ದ. ಇನ್ನೊಂದು ಕೈ ವಾಯರಿನ ಮೇಲೇ ಇತ್ತು.

ಆಗ ಕರೆಂಟು ಬಂತು.

ಮೌಲಾಸಾಬ ಚೀರಿ ಹಿಂದಕ್ಕೆ ಬಿದ್ದ. ಮೋಟಾರು ಒಮ್ಮೆಲೇ ಉಲ್ಟಾ ತಿರುಗಿತು. ಕಟ್ಟಿಗೆಯನ್ನು ಹಿಡಿದುಕೊಳ್ಳುವ ಕಬ್ಬಿಣದ ಚಕ್ಕು ಲೇಥಿನ ದಂಡಕ್ಕೆ ನಟ್ಟಿನ ಹಾಗೆ ತಿರುಪಿ ಕೂರಿಸಿದ್ದು. ದಂಡ ಉಲ್ಟಾ ತಿರುಗಿದ ಜೋರಿಗೆ ಅದು ಬಿಚ್ಚಿಕೊಂಡಿತು. ಗುಂಡನ್ನು ಹಿಡಿದುಕೊಂಡೇ ಹಾರಿ ನೆಲಕ್ಕೆ ಅಪ್ಪಳಿಸಿ, ಪುಟಿದು, ಸುಂದರಾಬಾಯಿಯವರ ಪಾದದ ಮೇಲೆ ಬಿತ್ತು.

ರಾಜಮಾ ಹಾರಿ ಹೋಗಿ ಸ್ವಿಚ್ಚು ಆರಿಸಿದಳು. ಒಂದು ಕಡೆ ಗಂಡ ಕೈ ಹಿಡಿದುಕೊಂಡು ನರಳುತ್ತಿದ್ದ, ಇನ್ನೊಂದು ಕಡೆ ವೈನಿ ಪಾದ ಹಿಡಿದುಕೊಂಡು ಅಳುತ್ತಿದ್ದರು.

ದೊಡ್ಡ ಅನಾಹುತ ತಪ್ಪಿತು. ಡಾಕ್ಟರು ನೋಡಿ, ಸುಂದರಾಬಾಯಿಯವರ ಕಾಲ್ಬೆರಳಿನ ಎಲುಬು ಬಿರುಕು ಬಿಟ್ಟಿದೆ ಎಂದು ಪಟ್ಟಿ ಕಟ್ಟಿದರು. ಮೌಲಾಸಾಬನ ಎದೆಗೆ ಇಸಿಜಿ ಯಂತ್ರ ಹಚ್ಚಿ ನೋಡಿ, ಸುಟ್ಟ ಬೆರಳಿಗೆ ಮುಲಾಮು ಕೊಟ್ಟರು. “ತೊಯ್ದ ನೆಲದ ಮ್ಯಾಲ ಕುಂತಿದ್ರ ನೀವು ಇಲ್ಲಿಗೆ ನಡಕೊಂಡು ಬರ್ತಿರಲಿಲ್ಲ,” ಎಂದರು.

ಮರುದಿನ ರಾಜಮಾ ಬಿಸಿ ಶಿರಾ ಮಾಡಿಕೊಂಡು ಪಕ್ಕದ ಮನೆಗೆ ಹೋದಳು. ಹೊಸಿಲಲ್ಲೇ ನಿಂತಳು. ಮುಖ ಎತ್ತಲು ಆಗಲಿಲ್ಲ.

“ಒಳಗ ಬಾ. ನೀ ಏನ ಮಾಡೀದಿ ಅಂತ ಹಂಗ ನಿಂತಿ?” ಎಂದರು ಸುಂದರಾಬಾಯಿ.

ರಾಯರು ಅಷ್ಟು ಮೆತ್ತಗಿರಲಿಲ್ಲ. “ನೋಡ್ರಿ ರಾಜಮಾ, ನಮ್ಮ ನಿಮ್ಮ ಸಂಬಂಧ ಬ್ಯಾರೆ. ಆದ್ರ ಆ ಮಶೀನ ಇನ್ನ ಈ ಓಣ್ಯಾಗ ಇರಬಾರದು. ಇನ್ನ ಕೆಲವು ದಿನಕ್ಕ ನಮ್ಮ ಶ್ರದ್ಧಾ ಬರ್ತಾಳ. ತುಂಬಿದ ಬಸುರಿ. ಅಕೀ ಅಲ್ಲಿ ಕೂತಿದ್ರ ಏನಾಗ್ತಿತ್ತು ಹೇಳ್ರಿ?”

ರಾಜಮಾ ಶಿರಾ ಒಳಗಿಟ್ಟು ಹಿಂದಿರುಗಿದಳು.

ಮನೆಗೆ ಬಂದರೆ ಮೌಲಾಸಾಬ ಲೇಥಿನ ಮೇಲೆ ಗೋಣಿ ಚೀಲ ಹೊಚ್ಚಿ ಕೂತಿದ್ದ. “ರಾಯರು ಹೇಳೂದು ಖರೇ ಐತಿ. ಗುಜರಿಯವಗ ಹೇಳಿ ಕಳಸತೇನಿ. ನನಗ ಅದರ ಹಂತ್ಯಾಕ ಹೋಗಾಕ ಅಂಜಿಕಿ ಬರಾಕತ್ತೈತಿ.”

ಗಂಡ ಅಂಜಿಕೆ ಎಂದದ್ದನ್ನು ರಾಜಮಾ ಮೊದಲ ಸಲ ಕೇಳಿದ್ದಳು. ಅವಳಿಗೂ ಅಂಜಿಕೆ ಇತ್ತು. ಆದರೆ ಅದರ ಜೊತೆಗೆ ಬೇರೆ ಏನೋ ಇತ್ತು. ಗೋಣಿ ಚೀಲದ ಕೆಳಗೆ ಮುಚ್ಚಿಟ್ಟದ್ದು ಬರೀ ಯಂತ್ರವಲ್ಲ ಅನ್ನಿಸಿತು.

“ರವಿವಾರದ ತನಾ ತಡೀರಿ,” ಎಂದಳು. “ಮಶೀನಂದು ತಪ್ಪೋ, ನಮ್ಮದು ತಪ್ಪೋ, ನಾ ಕೇಳಕೊಂಡು ಬರತೇನಿ.”

ಹಾರಿ ಬಿದ್ದ ಆ ಕಬ್ಬಿಣದ ಚಕ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ಅವಳು ಬೈಲಹೊಂಗಲದ ಬಸ್ಸು ಹತ್ತಿದಳು. ಚೀಲದ ಭಾರಕ್ಕೆ ಹೆಗಲು ಜಗ್ಗುತ್ತಿತ್ತು. ಫರೀನ್ ಪಾಠ ಮುಗಿಸಿ ಬರುವ ತನಕ ಐಟಿಐಯ ಗೇಟಿನ ಹತ್ತಿರ ಕಾದಳು.

ಫರೀನ್ ಎಲ್ಲವನ್ನೂ ಕೇಳಿಸಿಕೊಂಡಳು. ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಚಕ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ, ಹಿಂಭಾಗದ ಒಂದು ತೂತಿನ ಮೇಲೆ ಬೆರಳಿಟ್ಟಳು.

“ಖಾಲಾ, ಈ ತೂತಿನ್ಯಾಗ ಸ್ಕ್ರೂ ಇರಬೇಕಲ್ಲ, ಎಲ್ಲೈತಿ?”

“ಬಂದಾಗಿಂದ ಇಲ್ಲವಾ. ಅದು ಯಾತಕ್ಕಂತ ನಮಗ ಗೊತ್ತಿಲ್ಲ.”

“ಚಕ್ಕು ದಂಡಕ್ಕ ಕಚ್ಚಿ ಹಿಡಕೊಂಡಿರಲಿ ಅಂತ. ಮುಂದ ತಿರಗುವಾಗ ಚಕ್ಕು ತಾನ ಬಿಗಿ ಆಗತೈತಿ. ಉಲ್ಟಾ ತಿರುಗಿದ್ರ ಸಡ್ಲ ಆಗತೈತಿ. ಈ ಸ್ಕ್ರೂ ಇದ್ದಿದ್ರ ಅದು ಹಾರತಿರಲಿಲ್ಲ. ಇಷ್ಟ ದಿನ ಹಾರಲಿಲ್ಲಂದ್ರ ಅದು ನಿಮ್ಮ ನಸೀಬ. ಪ್ಲಗ್ಗಿಗೆ ಮೂರು ಕಡ್ಡಿ ಅದಾವೇನು?”

“ಎರಡ ಅದಾವು.”

“ಅಂದ್ರ ಅರ್ಥಿಂಗೂ ಇಲ್ಲ. ಕರೆಂಟ್ ಹೋಗಿ ಬಂದ್ರ ತಾನ ಚಾಲೂ ಆಗತೈತಿ?”

“ಹೂಂ. ಹಂಗ ಅಲ್ಲೇನು ಆಗಿದ್ದು!”

ಫರೀನ್ ತಲೆ ಅಲ್ಲಾಡಿಸಿದಳು. “ಖಾಲಾ, ನಿಮ್ಮ ಮಶೀನಕ್ಕ ಓಡೂದು ಗೊತ್ತೈತಿ. ನಿಂದರೂದು ಯಾರೂ ಕಲಿಸಿಲ್ಲ. ಬರ್ರಿ, ತೋರಸತೇನಿ.”

ವರ್ಕ್‌ಶಾಪಿನಲ್ಲಿ ಒಂದು ಲೇಥ್ ಇತ್ತು. ಅದರ ಮುಂದೆ ಹಸಿರು ಬಟನ್ನು, ಕೆಂಪು ಬಟನ್ನು, ಪಕ್ಕದಲ್ಲಿ ಒಂದು ಹಿಡಿಕೆ. ಫರೀನ್ ಹಸಿರು ಬಟನ್ನು ಒತ್ತಲು ಹೇಳಿದಳು. ರಾಜಮಾ ಹಿಂದೆ ಮುಂದೆ ನೋಡಿ ಒತ್ತಿದಳು. ಯಂತ್ರ ತಿರುಗಿತು. ಕೆಂಪು ಬಟನ್ನು ಒತ್ತಿದರೆ ನಿಂತಿತು. ರಾಜಮಾ ಮತ್ತೆ ಒತ್ತಿದಳು, ಮತ್ತೆ ನಿಲ್ಲಿಸಿದಳು. ಮನೆಯ ಯಂತ್ರದ ಮುಂದೆ ಎಂದೂ ಇರದಿದ್ದ ಒಂದು ನಿರಾಳ ಅವಳ ಕೈಗೆ ಬಂತು. ತಿರುಗು ಅಂದರೆ ತಿರುಗುತ್ತದೆ, ನಿಲ್ಲು ಅಂದರೆ ನಿಲ್ಲುತ್ತದೆ.

“ಇದು ನಮ್ಮನ್ಯಾಗೂ ಆಗತೈತೇನು?” ಎಂದು ಕೇಳಿದಳು.

“ಯಾಕ ಆಗೂದಿಲ್ಲ? ರವಿವಾರ ಬರತೇನಿ. ಖಾಲು ಒಪ್ಪಬೇಕಷ್ಟ.”

ಖಾಲು, ಅಂದರೆ ಚಿಕ್ಕಪ್ಪ ಮೌಲಾಸಾಬ, ಸುಲಭಕ್ಕೆ ಒಪ್ಪಲಿಲ್ಲ. ರವಿವಾರ ಫರೀನ್ ಸಾಮಾನಿನ ಚೀಲ ಹಿಡಿದು ಬಂದಾಗ ಅವನು ಲೇಥಿಗೆ ಬೆನ್ನು ಹಾಕಿ ಕೂತಿದ್ದ.

“ಬ್ಯಾಡವಾ ಫರೀನ್. ಮುಗೀತು. ಅದು ಮನಷ್ಯಾನ್ನ ತಿನ್ನೂ ಮಶೀನ.”

“ಖಾಲು, ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಬಸ್ಸು ಮುಂದ ಹೊಂಟಾಗ ನೀವು ಎಂದಾದ್ರೂ ರಿವರ್ಸ್ ಗೇರ್ ಹಾಕೀರೇನು?”

“ಹುಚ್ಚಿ! ಗೇರ್‌ಬಾಕ್ಸ್ ಪುಡಿಪುಡಿ ಆಗತೈತಿ.”

“ಮತ್ತ ಏನ್ ಮಾಡತಿದ್ರಿ?”

“ಬ್ರೇಕ್ ಹಾಕಿ ಪೂರ್ತಿ ನಿಂದ್ರಸಬೇಕು. ನ್ಯೂಟ್ರಲ್ ಮಾಡಬೇಕು. ಹಿಂದ ಯಾರರೆ ಅದಾರೇನು ನೋಡಬೇಕು. ಆಮ್ಯಾಲ ರಿವರ್ಸ್.”

“ಬಂದ್ ಬಿದ್ದ ಬಸ್ಸು, ನೀವು ಕೆಳಗ ಇಳದು ಇಂಜಿನ್ಯಾಗ ಕೈ ಹಾಕಿದಾಗ, ತಾನ ಚಾಲೂ ಆದ್ರ?”

ಮೌಲಾಸಾಬ ತನ್ನ ಸುಟ್ಟ ಬೆರಳು ನೋಡಿಕೊಂಡ. “ಅದಕ್ಕ ಚಾವಿ ಕಿಸೆದಾಗ ಇಟಕೊಂಡ ಇಳೀತಿದ್ದೆ,” ಎಂದ.

“ಬಸ್ಸಿಗೆ ಇಷ್ಟೆಲ್ಲಾ ನೇಮ ಇಟಕೊಂಡೀರಿ. ಮೋಟಾರಿಗೆ ಯಾಕ ಇಲ್ಲ?” ಎಂದಳು ಫರೀನ್. “ನಾ ಹೊಸಾದೇನು ಕಲಸಾಕ ಬಂದಿಲ್ಲ. ನಿಮಗ ಗೊತ್ತಿರೂದನ್ನ ಈ ಮೋಟಾರಿಗೆ ಹಚ್ಚಾಕ ಬಂದೇನಿ.”

ರಾಜಮಾ ಗಂಡನ ಮುಖ ನೋಡಿದಳು. ಅವನು ಎದ್ದು ಬಂದು ಗೋಣಿ ಚೀಲ ಎಳೆದು ಪಕ್ಕಕ್ಕೆ ಹಾಕಿದ.

ಫರೀನ್ ಮೊದಲು ಪ್ಲಗ್ಗು ಕಿತ್ತು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟಳು. ಮೋಟಾರಿನ ಮೇಲಿದ್ದ ಡಬ್ಬಿಯಂಥ ಕೆಪಾಸಿಟರನ್ನು ಮುಟ್ಟಲು ಹೋದ ಮೌಲಾಸಾಬನನ್ನು ತಡೆದಳು. “ಇದರಾಗ ಕರೆಂಟ್ ಕೂಡಿ ಕುಂತಿರತೈತಿ, ಖಾಲು. ಪ್ಲಗ್ ತಗದ್ರೂ ಹೊಡೀತೈತಿ. ಇದನ್ನ ಖಾಲಿ ಮಾಡೂ ಪದ್ಧತಿ ಐತಿ, ಕಲತವ್ರ ಅದನ್ನ ಮಾಡಬೇಕು.”

ಅದನ್ನು ಖಾಲಿ ಮಾಡಿದ ಮೇಲೆ ಮೋಟಾರಿನ ಒಳಗನ್ನು ತೋರಿಸಿದಳು.

“ಇಲ್ಲಿ ತಂತಿದು ಎರಡು ಸುತ್ತು ಅದಾವು. ಒಂದು ಮೋಟಾರ್ ಓಡಸತೈತಿ. ಇನ್ನೊಂದು ಶುರುವಿಗೆ ಅಷ್ಟ ದೂಡತೈತಿ. ಅದು ಯಾ ಕಡೆ ದೂಡತೈತೋ ಆ ಕಡೆ ಮೋಟಾರ್ ತಿರಗತೈತಿ. ದೂಡೂ ಸುತ್ತಿನ ಎರಡು ತುದಿ ಅದಲ ಬದಲ ಆದ್ರ ಉಲ್ಟಾ ತಿರಗತೈತಿ. ನೀವು ಕೈಲೆ ಮಾಡತಿದ್ದದ್ದು ಇದನ್ನ. ವಿಚಾರ ಸರಿ ಇತ್ತು, ಖಾಲು. ಮಾಡೂ ರೀತಿ ಸರಿ ಇರಲಿಲ್ಲ. ಇನ್ನ ಮ್ಯಾಲ ಈ ಹಿಡಿಕಿ ಮಾಡತೈತಿ.”

ಆ ಹಿಡಿಕೆಗೆ ಮೂರು ಜಾಗ ಇದ್ದವು. ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ನಡುವೆ ಸೊನ್ನೆ. ಮುಂದಿನಿಂದ ಹಿಂದಕ್ಕೆ ಹೋಗಬೇಕಾದರೆ ಸೊನ್ನೆಯನ್ನು ದಾಟಿಯೇ ಹೋಗಬೇಕು. ಅದನ್ನು ಕೂರಿಸಿ, ಪಕ್ಕದಲ್ಲಿ ಹಸಿರು ಮತ್ತು ಕೆಂಪು ಬಟನ್ನಿನ ಸ್ಟಾರ್ಟರ್ ಹಾಕಿದಳು. ಅಂಗೈಯಿಂದ ಗುದ್ದಿದರೂ ನಿಲ್ಲುವಂಥ ದೊಡ್ಡ ಕೆಂಪು ಗುಂಡಿಯೊಂದನ್ನು ರಾಜಮಾಳ ಎಡಗೈಗೆ ಸಿಗುವ ಹಾಗೆ ಇಟ್ಟಳು. ಮೂರು ಕಡ್ಡಿಯ ಪ್ಲಗ್ಗು ಹಾಕಿ, ಮೋಟಾರಿನ ಮೈಗೂ ಲೇಥಿನ ಮೈಗೂ ಅರ್ಥ್ ವಾಯರ್ ಕೊಟ್ಟಳು. ಮನೆಯ ಅರ್ಥಿಂಗ್ ಸರಿಯಾಗಿದೆಯೇ ಎಂದು ಅಳೆದು ನೋಡಿದಳು. ಶಾಕ್ ಹೊಡೆಯುವಂತಾದರೆ ತಟ್ಟನೆ ಕರೆಂಟು ಕಡಿಯುವ ಸ್ವಿಚ್ಚನ್ನು ಬೋರ್ಡಿನಲ್ಲಿ ಹಾಕಿದಳು. ಚಕ್ಕಿನ ಖಾಲಿ ತೂತಿಗೆ ಸರಿಹೋಗುವ ಸ್ಕ್ರೂ ಹುಡುಕಿ ತಂದಿದ್ದಳು. ಅದನ್ನು ದಂಡದ ಮೇಲಿನ ಗೀರಿಗೆ ಕೂರುವಂತೆ ಬಿಗಿ ಮಾಡಿದಳು. ಮೌಲಾಸಾಬ ನಟ್ಟು ತಿರುಗಿಸುವ ಪಾನಾ ಹಿಡಿದು ಪಕ್ಕದಲ್ಲೇ ಕೂತು, ಕೇಳಿದ್ದನ್ನೆಲ್ಲ ಎತ್ತಿ ಕೊಟ್ಟ.

ಕೆಲಸ ಮುಗಿಯುವ ಹೊತ್ತಿಗೆ ಸುಂದರಾಬಾಯಿ ಕುಂಟುತ್ತ ಬಂದರು. ಹಿಂದೆಯೇ ರಾಯರು ಬಂದರು, ಬಾಗಿಲಲ್ಲಿ ನಿಂತರು, ಒಳಗೆ ಕಾಲಿಡಲಿಲ್ಲ.

“ಖಾಲಾ, ಹಸಿರು ಒತ್ತರಿ,” ಎಂದಳು ಫರೀನ್.

ರಾಜಮಾ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ಬಳೆ ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡಳು. ಬಟನ್ನು ಒತ್ತಿದಳು. ಲೇಥ್ ಹದವಾಗಿ ತಿರುಗಿತು.

ಫರೀನ್ ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದಳು. ದೀಪ ಆರಿತು, ಫ್ಯಾನು, ಲೇಥ್ ಎರಡೂ ನಿಂತವು. ತುಸು ಹೊತ್ತು ಬಿಟ್ಟು ಮತ್ತೆ ಏರಿಸಿದಳು. ದೀಪ ಹತ್ತಿತು. ಲೇಥ್ ಸುಮ್ಮನೆ ನಿಂತಿತ್ತು.

ಮೌಲಾಸಾಬ ಗಾಬರಿಯಾದ. “ಫ್ಯಾನ್ ತಿರಗಾಕತ್ತೈತಿ, ಇದ್ಯಾಕ ತಿರಗವಲ್ದು? ಕೆಟ್ಟತೇನು?”

“ತಿರಗಬಾರದು, ಖಾಲು. ಯಾರರೆ ಬಂದು ಹಸಿರು ಒತ್ತೂತನಾ ಅದು ತಿರಗಬಾರದು. ಚಾವಿ ಈಗ ನಿಮ್ಮ ಕಿಸೆದಾಗ ಐತಿ.”

ರಾಯರು ಒಂದು ಹೆಜ್ಜೆ ಒಳಗೆ ಬಂದರು. “ಹೊಲದಾಗ ಪಂಪ್‌ಸೆಟ್ಟಿಗೆ ಹಿಂಗ ಸ್ಟಾರ್ಟರ್ ಇರ್ತದ. ಆದ್ರ ಅದಕ್ಕ ಆಟೋ ಹಾಕಿರ್ತಾರ, ಕರೆಂಟ ಬಂದ ಕೂಡ್ಲೆ ತಾನ ಚಾಲೂ ಆಗ್ತದ. ಇದಕ್ಕೂ ನಾಳೆ ಯಾರರೆ ಆಟೋ ಹಾಕಿದ್ರ?”

“ಛಲೋ ಕೇಳಿದ್ರಿ, ರಾಯರ. ಬಾವ್ಯಾಗಿನ ಪಂಪಿನ ಹಂತ್ಯಾಕ ಯಾರೂ ಕೈ ಇಟ್ಟಿರೂದಿಲ್ಲ, ಅಲ್ಲಿ ಆಟೋ ನಡೀತೈತಿ. ಕೈ ಇಟ್ಟು ಕೆಲಸ ಮಾಡೂ ಮಶೀನಕ್ಕ ಆಟೋ ಹಾಕಲೇಬಾರದು.”

“ಮತ್ತ ಉಲ್ಟಾ ತಿರುಗಿದಾಗ ಆ ಚಕ್ಕ ಹಾರಿದ್ರ?”

“ಸ್ಕ್ರೂ ಬಿಗದೈತಿ, ಬಂದು ನೋಡ್ರಿ. ಇಂಥಾ ಸ್ಕ್ರೂ ಇಲ್ಲದ ಲೇಥ್ ಇದ್ರ ಅದನ್ನ ಉಲ್ಟಾ ತಿರಗಸಬಾರದು. ಕೈಲೆ ಉಜ್ಜಿ ಪಾಲಿಶ್ ಮಾಡಬೇಕು. ಮತ್ತ ತಿರಗೂ ಚಕ್ಕಿನ ಎದುರಿಗೆ, ಮಗ್ಗಲಕ ಯಾರೂ ಕುಂಡ್ರಬಾರದು.”

ರಾಯರು ಬಂದು ಬಗ್ಗಿ ನೋಡಿದರು, ಬೆರಳಿನಿಂದ ಒತ್ತಿ ನೋಡಿದರು, ಹೆಂಡತಿಯ ಸ್ಟೂಲನ್ನು ತಾವೇ ಎತ್ತಿ ದೂರ ಗೋಡೆಯ ಹತ್ತಿರ ಇಟ್ಟರು.

ರಾಜಮಾ ಚಕ್ಕಿಗೆ ಗುಂಡು ಹಿಡಿಸಿ, ಹಸಿರು ಒತ್ತಿ, ಮುಂದಕ್ಕೆ ತಿರುಗಿಸಿ ಪಾಲಿಶ್ ಕಾಗದ ಹಿಡಿದಳು. ಮುಗಿಸಿ ಕೆಂಪು ಬಟನ್ನು ಒತ್ತಿದಳು. ಚಕ್ಕು ಇನ್ನೂ ಸುತ್ತುತ್ತಿತ್ತು. ಮೌಲಾಸಾಬನಿಗೆ ತಡೆಯಲಾಗಲಿಲ್ಲ. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಲು ಕೈ ಚಾಚಿದ. ರಾಜಮಾ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಬಸ್ಸು ಇನ್ನೂ ನಿಂತಿಲ್ಲ, ಡ್ರೈವರ್ ಸಾಹೇಬ್ರ.”

ಎಲ್ಲರೂ ನಕ್ಕರು. ಮೌಲಾಸಾಬನೂ ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡ.

“ಖಾಲಾ ತಡದದ್ದು ಛಲೋ ಆತು,” ಎಂದಳು ಫರೀನ್. “ಜೋರಾಗಿ ಸುತ್ತೂ ಹೊತ್ತಿನ್ಯಾಗ ಹಿಡಿಕಿ ಹಿಂದ ಒಗದು ಹಸಿರು ಒತ್ತಿದ್ರ, ಈ ಜಾತಿ ಮೋಟಾರ್ ಉಲ್ಟಾ ಆಗೂದ ಇಲ್ಲ, ಇದ್ದ ದಿಕ್ಕಿಗೇ ಓಡತೈತಿ. ಉಲ್ಟಾ ಹೊಂಟೈತಿ ಅಂತ ತಿಳದು ನೀವು ಕೈ ಇಡತೀರಿ, ಅಲ್ಲೇ ಮೋಸ ಆಗತೈತಿ. ಇನ್ನೊಂದು ಜಾತಿ ಮೋಟಾರ್ ಇದ್ರ ಜಗ್ಗಿ ಹೊಡದು ಸುಟ್ಟ ಹೋಗತೈತಿ. ಯಾವುದ ಇರಲಿ, ಪೂರ್ತಿ ನಿಂತ ಮ್ಯಾಲ ಹಿಡಿಕಿ ಮುಟ್ಟರಿ.”

ಚಕ್ಕು ಪೂರ್ತಿ ನಿಂತಿತು. ಆಮೇಲೆ ರಾಜಮಾ ಹಿಡಿಕೆಯನ್ನು ಸೊನ್ನೆಗೆ ತಂದಳು, ಅಲ್ಲಿಂದ ಹಿಂದಕ್ಕೆ ಹಾಕಿದಳು, ಹಸಿರು ಒತ್ತಿದಳು. ಗುಂಡು ಉಲ್ಟಾ ತಿರುಗಿತು. ಕಾಗದ ತಾಗಿದಾಗ ಸಣ್ಣ ದೂಳು ಹಿಟ್ಟಿನಂತೆ ಎದ್ದಿತು.

ಗುಂಡನ್ನು ಬಿಚ್ಚಿ ಕೊಟ್ಟಾಗ ಸುಂದರಾಬಾಯಿ ಅದನ್ನು ಗಲ್ಲಕ್ಕೆ ಒತ್ತಿಕೊಂಡರು. “ಅಯ್ಯ, ಬೆಣ್ಣಿ ಆಗೇದಲ್ಲ!” ಎಂದರು. ರಾಯರು ಅದನ್ನು ಇಸಿದುಕೊಂಡು ತಿರುಗಿಸಿ ನೋಡಿ, “ಉಳದಾವ ಯಾವಾಗ ಮುಗೀತಾವ?” ಎಂದು ಕೇಳಿದರು. ಯಂತ್ರವನ್ನು ಓಣಿಯಿಂದ ತೆಗೆಸುವ ಮಾತನ್ನು ಅವರು ಮತ್ತೆ ಆಡಲಿಲ್ಲ. ಶ್ರದ್ಧಾ ಬರುವ ಮೊದಲೇ ತೊಟ್ಟಿಲು ಸಿದ್ಧವಾಯಿತು.

ಕೆಲವು ತಿಂಗಳ ಮೇಲೆ ಮೌಲಾಸಾಬ ಮತ್ತು ರಾಜಮಾ ರಾಮದುರ್ಗದ ಕಡೆ ಸಾಲಹಳ್ಳಿಗೆ ಹೋಗಿದ್ದರು. ಮೌಲಾಸಾಬನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಲಕ್ಕಪ್ಪ ಅಲ್ಲಿ ಎಮ್ಮೆ ಕಟ್ಟಿಕೊಂಡು ಹೊಲಮನೆ ನೋಡಿಕೊಂಡಿದ್ದ. ಇವರು ಹೋದಾಗ ಅವನು ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರದ ಮುಂದೆ ನಿಂತಿದ್ದ. ಕರೆಂಟು ಹೋಗಿತ್ತು. ಬ್ಲೇಡಿನ ನಡುವೆ ಜೋಳದ ದಂಟು ಸಿಕ್ಕಿಬಿದ್ದಿತ್ತು.

“ಬರ್ರಿ ಬರ್ರಿ ಡ್ರೈವರ್ ಸಾಹೇಬ್ರ, ಇದೊಂದು ಕಿತ್ತಿ ಬರತೇನಿ,” ಎನ್ನುತ್ತ ಲಕ್ಕಪ್ಪ ಬ್ಲೇಡಿನೊಳಗೆ ಕೈ ಹಾಕಿದ.

“ಲಕ್ಕಪ್ಪಾ! ಕೈ ತಗಿ!”

ಮೌಲಾಸಾಬ ಕೂಗಿದ ಜೋರಿಗೆ ಎಮ್ಮೆ ಬೆದರಿ ಹಗ್ಗ ಜಗ್ಗಿತು. ಲಕ್ಕಪ್ಪ ಹೌಹಾರಿ ಕೈ ತೆಗೆದ. “ಯಾಕ್ರಿ? ಕರೆಂಟ ಇಲ್ಲಲ್ರಿ.”

“ಇಲ್ಲದಾಗ ತಗೀಬೇಕು ಪ್ಲಗ್ಗು. ಬಂದ ಮ್ಯಾಲೆ ಏನ್ ತಗೀತಿ?” ಎನ್ನುತ್ತ ಮೌಲಾಸಾಬ ನಡೆದು ಹೋಗಿ ಗೋಡೆಯ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ.

ಲಕ್ಕಪ್ಪ ನಗಲು ಶುರು ಮಾಡಿದ. “ನಾ ದಿನಾ ಹಿಂಗ ಮಾಡತೇನ್ರಿ, ಏನೂ ಆಗಿಲ್ಲ...”

ಅವನ ಮಾತು ಮುಗಿದಿರಲಿಲ್ಲ. ಕೊಟ್ಟಿಗೆಯ ದೀಪ ತಟ್ಟನೆ ಹತ್ತಿತು.

ಲಕ್ಕಪ್ಪ ದೀಪ ನೋಡಿದ. ಬ್ಲೇಡು ನೋಡಿದ. ಆಮೇಲೆ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಅಲ್ಲೇ ಮೇವಿನ ರಾಶಿಯ ಮೇಲೆ ಕೂತುಬಿಟ್ಟ. ಮೌಲಾಸಾಬ ಹೋಗಿ ಅವನ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈ ಹಾಕಿದ. ರಾಜಮಾ ಮೊಬೈಲು ತೆಗೆದು ಫರೀನಳಿಗೆ ಫೋನು ಹಚ್ಚಿದಳು.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹವ್ಯಾಸಕ್ಕೆ ಇಟ್ಟ ಸಣ್ಣ ಲೇಥ್ ಇರಲಿ, ಮೇವಿನ ಯಂತ್ರ ಇರಲಿ, ಹಿಟ್ಟಿನ ಗಿರಣಿ ಇರಲಿ, ಇವತ್ತೇ ಹೋಗಿ ನಿಮ್ಮ ಮೋಟಾರನ್ನು ಒಮ್ಮೆ ನೋಡಿ. ಕರೆಂಟು ಹೋಗಿ ಬಂದರೆ ಅದು ತಾನಾಗಿ ತಿರುಗುತ್ತದೆಯೇ? ತಿರುಗುವುದಾದರೆ ಹಸಿರು ಕೆಂಪು ಬಟನ್ನಿನ ಸ್ಟಾರ್ಟರ್ ಹಾಕಿಸಿ. ದಿಕ್ಕು ಬದಲಿಸಲು ಎಂದೂ ವಾಯರು ಬಿಚ್ಚಬೇಡಿ, ಅದಕ್ಕೆಂದೇ ಸ್ವಿಚ್ಚು ಸಿಗುತ್ತದೆ. ಚಕ್ಕಿನ ಸ್ಕ್ರೂ ಬಿಗಿಯಿದೆಯೇ ಎಂದು ಪ್ರತಿ ಸಲ ಮುಟ್ಟಿ ನೋಡಿ. ಅರ್ಥಿಂಗ್ ಇಲ್ಲದ ಯಂತ್ರಕ್ಕೆ ಕೈ ಹಚ್ಚಬೇಡಿ. ಕೆಲಸಕ್ಕೆ ನಿಲ್ಲುವ ಮುಂಚೆ ಸೆರಗು ಸಿಕ್ಕಿಸಿ, ಕೂದಲು ಕಟ್ಟಿ, ಕೈಗವಸು ಬೇಡ. ವಾಯರಿಂಗ್ ಕೆಲಸವನ್ನು ಕಲಿತವರಿಂದಲೇ, ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಅವರು ಬರುವ ತನಕ ನಿಮ್ಮ ಕೈಯಲ್ಲೇ ಇರುವ ಕೆಲಸ ಒಂದಿದೆ: ಯಂತ್ರದೊಳಗೆ ಕೈ ಹಾಕುವ ಮೊದಲು ಪ್ಲಗ್ಗು ತೆಗೆಯಿರಿ. ಕರೆಂಟು ಇದ್ದರೂ ತೆಗೆಯಿರಿ, ಇಲ್ಲದಿದ್ದರೂ ತೆಗೆಯಿರಿ.